ಇದು ಗ್ರಾನೈಟ್ ಅಲ್ಲ ಕಣಮ್ಮ

ಫೋನ್ ಮೂರು ಸಲ ಬಂದಿತ್ತಂತೆ. ಕಟಿಂಗ್ ಮಷಿನ್ ಓಡುತ್ತಿದ್ದರೆ ನಮ್ಮ ಅಂಗಡಿಯಲ್ಲಿ ಗುಡುಗಿದರೂ ಕೇಳೋದಿಲ್ಲ. ನಾಲ್ಕನೇ ಸಲ ಹುಡುಗ ಬಂದು ಕೈಸನ್ನೆ ಮಾಡಿ ಫೋನ್ ಕೊಟ್ಟ. ಆ ಕಡೆ ನನ್ನ ಹಳೆಯ ಕ್ಲಾಸ್‌ಮೇಟ್. "ಮೇಷ್ಟ್ರು ಹೋಗಿಬಿಟ್ರು ಕಣೇ" ಅಂದಳು. ಯಾವ ಮೇಷ್ಟ್ರು ಅಂತ ನಾನು ಕೇಳಲಿಲ್ಲ. ನಮ್ಮ ಬ್ಯಾಚಿನವರಿಗೆ ಮೇಷ್ಟ್ರು ಅಂದರೆ ಒಬ್ಬರೇ. ಮಿಕ್ಕವರೆಲ್ಲ ಸರ್.

ಮಷಿನ್ ಮೇಲೆ ಆಗ ಇದ್ದದ್ದು ಚಾಮರಾಜನಗರದ ಕಪ್ಪು ಕಲ್ಲು. ಕುವೆಂಪುನಗರದ ಒಂದು ಮನೆಯ ಅಡುಗೆ ಕಟ್ಟೆಗೆ. ಬ್ಲೇಡಿನ ಮೇಲೆ ನೀರು ಸುರಿಯುತ್ತಿತ್ತು, ಬೂದಿ ಬಣ್ಣದ ಕೆಸರು ಮೋರಿಗೆ ಹರಿಯುತ್ತಿತ್ತು. ನಾನು ಸುಮ್ನೆ ಅದನ್ನೇ ನೋಡುತ್ತಾ ನಿಂತೆ. ಅಳು ಬರಲಿಲ್ಲ. ನಗು ಬಂತು ಅಂದರೆ ತಪ್ಪು ತಿಳಿಯಬೇಡಿ. ಇದೇ ಕಲ್ಲಿನ ವಿಷಯಕ್ಕೆ ಅವರು ಒಮ್ಮೆ ಇದೇ ಜಾಗದಲ್ಲಿ, ಮೂವರು ಗಿರಾಕಿಗಳ ಮುಂದೆ, ನನಗೆ ಚೆನ್ನಾಗಿ ಬೈದಿದ್ದರು.

ಅವರ ಹೆಸರು ಬರೆಯುತ್ತಿಲ್ಲ. ಬದುಕಿದ್ದಾಗ ಸನ್ಮಾನ, ಶಾಲು, ಫ್ಲೆಕ್ಸ್ ಅಂದರೆ ಮಾರು ದೂರ ಓಡುತ್ತಿದ್ದ ಮನುಷ್ಯ. ಮನೆಯವರೂ ಬೇಡ ಅಂದರು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದವರಿಗೆ ಒಂದೆರಡು ಪ್ಯಾರಾದಲ್ಲೇ ಗೊತ್ತಾಗುತ್ತದೆ. ಗೊತ್ತಾಗದವರಿಗೆ ಹೆಸರು ಕಟ್ಟಿಕೊಂಡು ಏನಾಗಬೇಕು.

2004ರಲ್ಲಿ ಅವರ ಮನೆಯ ಅಡುಗೆಮನೆ ರಿಪೇರಿ ನಡೆಯುತ್ತಿತ್ತು. ನಾನು ಎಂಎಸ್ಸಿ ಮುಗಿಸಿ, ಮದುವೆಯಾಗಿ, ಗಂಡನ ಮನೆಯವರ ಸ್ಲ್ಯಾಬ್ ವ್ಯಾಪಾರದಲ್ಲಿ ಗಲ್ಲಾಪೆಟ್ಟಿಗೆ ಹಿಡಿದು ಆಗಲೇ ಆರೇಳು ವರ್ಷ. ನಂಜನಗೂಡು ರಸ್ತೆಯಲ್ಲಿ ಎಷ್ಟೋ ಅಂಗಡಿಗಳಿವೆ, ಅವರು ನಮ್ಮಲ್ಲಿಗೇ ಬಂದರು. ನಾನು ಇರೋದು ಗೊತ್ತಿರಲಿಲ್ಲವಂತೆ. ನನ್ನನ್ನು ನೋಡಿ "ಓ" ಅಂದರು, ಅಷ್ಟೇ. ಕುಶಲ ಗಿಶಲ ಇಲ್ಲ. ಸಾಲಾಗಿ ನಿಲ್ಲಿಸಿದ್ದ ಸ್ಲ್ಯಾಬುಗಳ ಹತ್ತಿರ ಹೋಗಿ ಒಂದಕ್ಕೆ ಕೈ ಇಟ್ಟು "ಇದೇನು?" ಅಂತ ಕೇಳಿದರು.

"ಬ್ಲ್ಯಾಕ್ ಗ್ರಾನೈಟ್ ಸಾರ್. ಒಳ್ಳೆ ಮಾಲು. ಚಾಮರಾಜನಗರದ್ದು."

ಕೈ ತೆಗೆದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಇದು ಗ್ರಾನೈಟ್ ಅಲ್ಲ ಕಣಮ್ಮ. ನಿನಗೆ ಗೊತ್ತು, ಇದು ಗ್ರಾನೈಟ್ ಅಲ್ಲ. ಗೊತ್ತಿಲ್ಲದವನು ಹೇಳಿದರೆ ಸುಮ್ಮನಿರಬಹುದು, ನೀನು ಹೇಳಬಹುದಾ? ಎರಡು ವರ್ಷ ಏನು ಕಲಿತೆ ನೀನು?"

ನಿಜ, ನನಗೆ ಗೊತ್ತಿತ್ತು. ಅದು ಡಾಲರೈಟ್. ಗ್ರಾನೈಟ್ ಅನ್ನಬೇಕಾದರೆ ಅದರಲ್ಲಿ ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, ಧಾರಾಳವಾಗಿರಬೇಕು, ಫೆಲ್ಡ್‌ಸ್ಪಾರ್ ಅನ್ನೋ ಖನಿಜ ಇರಬೇಕು, ಅದಕ್ಕೇ ಅದು ಬಿಳಿ, ಬೂದಿ, ನಸುಗೆಂಪು. ಈ ಕಪ್ಪು ಕಲ್ಲಿನಲ್ಲಿ ಬೆಣಚು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕಬ್ಬಿಣ, ಮೆಗ್ನೀಸಿಯಂ ಇರುವ ಪೈರಾಕ್ಸಿನ್ ಅನ್ನೋ ಖನಿಜ ಜಾಸ್ತಿ. ಹಳೆಯ ಬಂಡೆ ಬಿರುಕು ಬಿಟ್ಟಾಗ ಕೆಳಗಿನ ಕರಗಿದ ಶಿಲೆ ಆ ಬಿರುಕಿಗೆ ನುಗ್ಗಿ ಗೋಡೆಯ ಹಾಗೆ ಗಟ್ಟಿಯಾದದ್ದು, ಪುಸ್ತಕದ ಭಾಷೆಯಲ್ಲಿ ಡೈಕ್. ಪುಸ್ತಕ ಓದದ ನಮ್ಮ ಹಮಾಲಿಗಳಿಗೂ ವ್ಯತ್ಯಾಸ ಗೊತ್ತು. ಅದೇ ಅಳತೆಯ ಕೆಂಪು ಸ್ಲ್ಯಾಬನ್ನು ನಾಲ್ಕು ಜನ ಎತ್ತಿದರೆ ಕಪ್ಪಿಗೆ ಐದನೆಯವನನ್ನು ಕರೆಯುತ್ತಾರೆ. ಆದರೆ ವ್ಯಾಪಾರದಲ್ಲಿ ಪಾಲಿಷ್ ಹಿಡಿಯೋ ಗಟ್ಟಿ ಕಲ್ಲೆಲ್ಲ ಗ್ರಾನೈಟೇ. ಗಿರಾಕಿಗೆ ಡಾಲರೈಟ್ ಅಂದರೆ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾನೆ.

ಇದನ್ನೆಲ್ಲ ಅವರಿಗೆ ಹೇಳಿದೆ. ಕೇಳಿಸಿಕೊಂಡರು. ಆಮೇಲೆ "ಬಿಲ್ಲಿನಲ್ಲಿ ಡಾಲರೈಟ್ ಅಂತ ಬರಿ, ಇಲ್ಲದಿದ್ದರೆ ದುಡ್ಡು ಕೊಡಲ್ಲ" ಅಂದರು. ಬರೆದೆ. ಕೊಟ್ಟರು. ವರ್ಷದ ಕೊನೆಯಲ್ಲಿ ನಮ್ಮ ಲೆಕ್ಕದವರು ಆ ಬಿಲ್ ಎತ್ತಿ ಹಿಡಿದು "ಇದೇನು ಮೇಡಂ, ಡಾಲರ್ ಲೈಟಾ? ನಾವು ಯಾವಾಗಿನಿಂದ ದೀಪ ಮಾರೋಕೆ ಶುರು ಮಾಡಿದ್ವಿ?" ಅಂದರು. ಇಪ್ಪತ್ತು ವರ್ಷ ಆಯಿತು, ನಮ್ಮನೆಯಲ್ಲಿ ಇನ್ನೂ ಆ ಕಲ್ಲಿಗೆ ಡಾಲರ್ ಲೈಟ್ ಅಂತಲೇ ಹೆಸರು.

ನಾನು ಪಾಂಡವಪುರದ ಕಡೆಯ ಹಳ್ಳಿಯವಳು. ಮಾನಸಗಂಗೋತ್ರಿಗೆ ಬಂದಾಗ ನಮ್ಮ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ನನಗೆ ಭೂವಿಜ್ಞಾನ ಮೊದಲ ಆಯ್ಕೆಯೂ ಆಗಿರಲಿಲ್ಲ, ಸೀಟು ಸಿಕ್ಕಿತು, ಬಂದೆ. ಮೊದಲ ಪ್ರಾಕ್ಟಿಕಲ್ ದಿನ ಮೇಷ್ಟ್ರು ಒಂದು ಮರದ ಟ್ರೇ ತಂದು ಮೇಜಿನ ಮೇಲೆ ಇಟ್ಟರು. ಹತ್ತು ಹನ್ನೆರಡು ಕಲ್ಲು. ಲೇಬಲ್ ಇಲ್ಲ. "ಹೆಸರು ಹೇಳಬೇಡಿ. ಹೆಸರು ಗೊತ್ತಿದ್ದರೂ ಹೇಳಬೇಡಿ. ಕೈಯಲ್ಲಿ ಹಿಡಿದು ಏನು ಕಾಣ್ತದೆ ಅದನ್ನ ಹೇಳಿ." ಹಿಂದಿನ ಬೆಂಚಿನ ಒಬ್ಬ ಜಾಣ ತಕ್ಷಣ "ಕ್ವಾರ್ಟ್ಜ್ ಸಾರ್" ಅಂದ. ಅವನನ್ನು ಆಚೆ ಕಳಿಸಿದರು. ನಿಜವಾಗಲೂ ಕಳಿಸಿದರು. ಕಲ್ಲು ಕ್ವಾರ್ಟ್ಜೇ ಆಗಿತ್ತು ಅನ್ನೋದು ಬೇರೆ ಮಾತು.

ಆಮೇಲೆ ಟ್ರೇಯಿಂದ ಒಂದು ಕಲ್ಲು ಎತ್ತಿಕೊಂಡು ನಾಲಿಗೆಯಿಂದ ನೆಕ್ಕಿದರು. ನಾವಿಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡೆವು. ಒದ್ದೆಯಾದರೆ ಕಲ್ಲಿನ ಬಣ್ಣ ಎದ್ದು ಬರುತ್ತದೆ, ಕಣಗಳ ಅಂಚು ಕಾಣುತ್ತದೆ, ಜೇಡಿ ಇದ್ದರೆ ನಾಲಿಗೆಗೆ ಅಂಟಿಕೊಳ್ಳುತ್ತದೆ. ಅದನ್ನು ನಮಗೆ ವಿವರಿಸಿದ್ದು ಮೂರು ತಿಂಗಳಾದ ಮೇಲೆ. ಅಲ್ಲಿಯವರೆಗೆ ಇವರಿಗೆ ಏನೋ ಆಗಿದೆ ಅಂದುಕೊಂಡಿದ್ದೆವು. ಈಗ ನಾನೂ ನೆಕ್ಕುತ್ತೇನೆ, ಗಿರಾಕಿ ಇಲ್ಲದಾಗ.

ಗಡಸುತನ ನೋಡೋಕೆ ಪುಸ್ತಕದಲ್ಲಿ ಮೋಸ್ ಅಳತೆ ಇದೆ, ಟಾಲ್ಕ್ 1, ವಜ್ರ 10. ಅವರು ಅದನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಉಗುರು ಎರಡೂವರೆ, ಹಳೆಯ ತಾಮ್ರದ ಕಾಸು ಮೂರರ ಆಸುಪಾಸು, ಚಾಕು ಐದೂವರೆ. ಟಾಲ್ಕ್ ಅಂದರೆ ಏನು ಅಂತ ಕೇಳಿದಾಗ ನಾನು ಭಯದಲ್ಲೇ "ಬಳಪ ಸಾರ್" ಅಂದೆ. ಬೈಯುತ್ತಾರೆ ಅಂದುಕೊಂಡೆ. "ಸರಿ, ಬಳಪ. ಬಳಪದಲ್ಲಿ ಏನು ಬರೆದಿದ್ದೀಯ?" "ಸ್ಲೇಟಿನ ಮೇಲೆ ಅಆಇಈ." "ಹೊಯ್ಸಳರು ಆ ಜಾತಿ ಕಲ್ಲಿನಲ್ಲೇ ಸೋಮನಾಥಪುರ ಬರೆದರು" ಅಂದರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ, ಉಳಿ ಹೇಳಿದ ಹಾಗೆ ಕೇಳುತ್ತದೆ, ಗಾಳಿಗೆ ಬಿದ್ದು ನಿಧಾನವಾಗಿ ಬಿಗಿಯಾಗುತ್ತದೆ. ಸೋಮನಾಥಪುರದ ಗುಡಿ 1258ರದ್ದು, ಅಲ್ಲಿನ ಬೊಂಬೆಗಳ ಬೆರಳಿನ ಉಂಗುರ ಕೂಡ ಇವತ್ತಿಗೂ ಎಣಿಸಬಹುದು.

ಅವತ್ತಿನಿಂದ ನನಗೆ ಧೈರ್ಯ ಬಂತು. ನಮ್ಮೂರಿನಲ್ಲಿ ಅಭ್ರಕಕ್ಕೆ ಕಾಗೆಬಂಗಾರ ಅನ್ನುತ್ತೇವೆ. ಹೊಲದಲ್ಲಿ ಸಿಕ್ಕ ಪದರ ಪದರದ ಚೂರುಗಳನ್ನು ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಳ್ಳುತ್ತಿದ್ದೆವು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅದೇ ತೋರಿಸಿ ಏನಿದು ಅಂದಾಗ, ಇಂಗ್ಲಿಷ್ ಹೆಸರು ಗಂಟಲಲ್ಲೇ ನಿಂತು ನನ್ನ ಬಾಯಿಂದ "ಕಾಗೆಬಂಗಾರ" ಅಂತ ಬಂದುಬಿಟ್ಟಿತು. ಅವರು ಜೋರಾಗಿ ನಕ್ಕರು. ಮೇಷ್ಟ್ರು ನಗಲಿಲ್ಲ. "ಸರಿಯಾಗೇ ಹೇಳಿದ್ದಾಳೆ, ಮುಂದಿನ ಪ್ರಶ್ನೆ ಕೇಳಿ" ಅಂದರು. ಆದರೂ ಆ ಪೇಪರಿನಲ್ಲಿ ನನಗೆ ಬಂದದ್ದು 52. ಅದರಲ್ಲಿ ಅವರ ಕೈ ಎಷ್ಟಿತ್ತು ಅಂತ ಯಾವತ್ತೂ ಕೇಳಲಿಲ್ಲ. ಮಾರ್ಕ್ಸ್ ಕೊಡೋ ವಿಷಯದಲ್ಲಿ ಮನುಷ್ಯ ಮಹಾ ಜಿಪುಣ. ಇದನ್ನು ಶ್ರದ್ಧಾಂಜಲಿಯಲ್ಲಿ ಬರೆಯಬಾರದೇನೋ, ಆದರೆ ನಮ್ಮ ಬ್ಯಾಚಿನ ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ.

ತೆಳು ಛೇದ ಮಾಡೋದು ಗೊತ್ತಾ ನಿಮಗೆ? ಕಲ್ಲಿನ ಒಂದು ಬಿಲ್ಲೆ ಕತ್ತರಿಸಿ, ಒಂದು ಮುಖ ನುಣ್ಣಗೆ ಮಾಡಿ ಗಾಜಿನ ಪಟ್ಟಿಗೆ ಅಂಟಿಸಿ, ಇನ್ನೊಂದು ಮುಖವನ್ನು ಕಾರ್ಬೊರಂಡಂ ಪುಡಿ, ನೀರು ಹಾಕಿದ ಗಾಜಿನ ಫಲಕದ ಮೇಲೆ ಉಜ್ಜಬೇಕು. ಉಜ್ಜಬೇಕು, ಉಜ್ಜಬೇಕು. ದೋಸೆಕಲ್ಲಿನ ಮೇಲೆ ಹಿಟ್ಟು ಸವರಿದ ಹಾಗೆ ಗುಂಡಗೆ, ಒಂದೇ ಸಮ. ಕೊನೆಗೆ ಕಲ್ಲು 0.03 ಮಿಲಿಮೀಟರ್ ಆಗಬೇಕು, ತಲೆಗೂದಲಿಗಿಂತ ತೆಳ್ಳಗೆ. ಅಷ್ಟು ತೆಳುವಾದರೆ ಬಹುತೇಕ ಎಲ್ಲ ಕಲ್ಲಿನಲ್ಲೂ ಬೆಳಕು ಹಾಯುತ್ತದೆ. ಒಂದು ಸುತ್ತು ಜಾಸ್ತಿ ಉಜ್ಜಿದಿರೋ, ಕಲ್ಲೇ ಮಾಯ, ಗಾಜು ಮಾತ್ರ ಉಳಿಯುತ್ತದೆ. ನಾನು ಹಾಗೆ ಐದು ಕಳೆದೆ. ಆರನೆಯದನ್ನು ಉಜ್ಜುವಾಗ ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತರು. ಬೈಯಲಿಲ್ಲ. ನನ್ನ ಕೈ ಮೇಲೆ ಬೆರಳಿಟ್ಟು "ಒತ್ತಬೇಡ. ಕಲ್ಲು ಕೆಲಸ ಮಾಡ್ತದೆ, ನೀನು ಸುಮ್ನೆ ತಿರುಗಿಸು" ಅಂದರು. ಬೆರಳ ತುದಿಯಲ್ಲಿ ಒಂದು ಸಣ್ಣ ಕರಕರ ಇರುತ್ತದೆ. ಅದು ನಿಂತು ಜಾರಿದ ಹಾಗೆ ಆದಾಗ ಪುಡಿ ಬದಲಿಸಬೇಕು. ಇದು ಯಾವ ನೋಟ್ಸಿನಲ್ಲೂ ಇರಲಿಲ್ಲ.

ಆ ಆರನೆಯ ಛೇದ ಚಾಮುಂಡಿ ಬೆಟ್ಟದ ಕಲ್ಲಿನದು. ಪೋಲರೈಸಿಂಗ್ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಮೇಲಿನ ಪ್ರಿಸಂ ತಳ್ಳಿದಾಗ ಬೆಣಚು ಬೂದಿಯಾಯಿತು, ಸ್ಟೇಜ್ ತಿರುಗಿಸಿದರೆ ಕಪ್ಪಾಯಿತು, ಮತ್ತೆ ಬೂದಿ. ಪಕ್ಕದಲ್ಲಿ ಮೈಕ್ರೋಕ್ಲಿನ್, ಒಂದು ಜಾತಿಯ ಫೆಲ್ಡ್‌ಸ್ಪಾರ್. ಚೌಕುಳಿ ಟವೆಲ್ಲಿನ ಹಾಗೆ ಅಡ್ಡ ಉದ್ದ ಗೆರೆ. ದಿನಾ ಕಿಟಕಿಯಿಂದ ಕಾಣೋ ಬೆಟ್ಟದ ಒಳಗೆ ಇಂಥದ್ದೊಂದು ಟವೆಲ್ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಬೆಟ್ಟಕ್ಕೆ ಅವರ ಜೊತೆ ಮೆಟ್ಟಿಲು ಹತ್ತೋದು ಅಂದರೆ ಶಿಕ್ಷೆ. ಜನ ಮೆಟ್ಟಿಲಿಗೆ ಅರಿಶಿನ ಕುಂಕುಮ ಇಡುತ್ತಾ ಹತ್ತಿದರೆ, ಇವರು ಪಕ್ಕದ ಬಂಡೆಗಳ ಹತ್ತಿರ ನಿಂತು ನಿಂತು ಲೆನ್ಸ್ ಹಿಡಿಯುತ್ತಿದ್ದರು. ಈ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ. ಸುತ್ತಮುತ್ತಲ ಮೈಸೂರು ಮಂಡ್ಯದ ನೆಲದ ಪಟ್ಟೆ ಪಟ್ಟೆ ಬಂಡೆ, ಅಂದರೆ ನೈಸ್, 300 ಕೋಟಿ ವರ್ಷಕ್ಕೂ ಹಳೆಯದು. ಹಾಗಾಗಿ ಚಾಮುಂಡಿ ಬೆಟ್ಟ ಅವರ ಲೆಕ್ಕದಲ್ಲಿ ಹೊಸದಾಗಿ ಬಂದ ಬಾಡಿಗೆಯವನು. "ಇವನು ನಿನ್ನೆ ಬಂದೋನು, ಫೋಟೋ ಎಲ್ಲ ಇವನದ್ದೇ" ಅನ್ನುತ್ತಿದ್ದರು. ಆ ಹಳೆಯ ಬಂಡೆಗೆ ಪೆನಿನ್ಸುಲರ್ ನೈಸ್ ಅನ್ನೋ ಹೆಸರು ಬಂದದ್ದು 1916ರಲ್ಲಿ, ಇಟ್ಟವರು ಆಗಿನ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅದೇ ಜಾತಿಯದು. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದೂ 1916ರಲ್ಲೇ. ಹಾಗಾಗಿ ಅದೊಂದು ಇಸವಿ ಮಾತ್ರ ಪರೀಕ್ಷೆಯಲ್ಲಿ ಯಾರೂ ತಪ್ಪು ಬರೆಯುತ್ತಿರಲಿಲ್ಲ.

ಫೀಲ್ಡ್ ಟ್ರಿಪ್ಪುಗಳ ಬಗ್ಗೆ ಬರೆಯೋಕೆ ಹೋದರೆ ಇದು ಮುಗಿಯೋದಿಲ್ಲ. ದೊಡ್ಡಕಾನ್ಯದಲ್ಲಿ ಬಿಳಿ ಮ್ಯಾಗ್ನಸೈಟ್, ಸಿಂಧುವಳ್ಳಿಯಲ್ಲಿ ಕ್ರೋಮೈಟ್, ಇವೆಲ್ಲ ಬೆಳಿಗ್ಗೆ ಹೋಗಿ ಸಂಜೆ ಬರೋ ಜಾಗಗಳು. ಸರಗೂರು ಕಡೆಯ ಕಲ್ಲುಗಳು ಬೇರೆ ತರಹ, ಕರ್ನಾಟಕದ ಅತಿ ಹಳೆಯ ಪದರ ಶಿಲೆಗಳ ಗುಂಪಿಗೆ ಆ ಊರಿನದೇ ಹೆಸರು. ಅಲ್ಲಿ ಕಯನೈಟ್ ಸಿಕ್ಕಿತ್ತು. ನೀಲಿ ಬಣ್ಣದ ಚಪ್ಪಟೆ ಕಡ್ಡಿಗಳು. ಮೇಷ್ಟ್ರು ನನ್ನ ಕೈಗೆ ಚಾಕು ಕೊಟ್ಟು "ಉದ್ದಕ್ಕೆ ಗೀರು" ಅಂದರು. ಗೀರು ಬಿತ್ತು. "ಈಗ ಅಡ್ಡಕ್ಕೆ." ಚಾಕು ಜಾರಿತು, ಕಲ್ಲಿನ ಮೇಲೆ ಕಬ್ಬಿಣದ ಗೆರೆ ಉಳಿಯಿತು. ಒಂದೇ ಕಲ್ಲು, ಉದ್ದಕ್ಕೆ ಗಡಸುತನ ಐದರ ಒಳಗೆ, ಅಡ್ಡಕ್ಕೆ ಏಳರ ಹತ್ತಿರ. ಒಳಗೆ ಅಣುಗಳ ಸಾಲು ಹಾಗೆ ಜೋಡಿಸಿಕೊಂಡಿದೆ. ಆ ಕಡ್ಡಿ ಇನ್ನೂ ನನ್ನ ಹತ್ತಿರ ಇದೆ, ಗಲ್ಲಾಪೆಟ್ಟಿಗೆಯಲ್ಲಿ, ಚಿಲ್ಲರೆ ಜೊತೆ.

ಕಬ್ಬಾಳದುರ್ಗ ಮಾತ್ರ ಬೇರೆಯೇ ಕಥೆ. ಕನಕಪುರದ ಕಡೆಯ ಬೆಟ್ಟ. ಅಲ್ಲಿ ಬೂದಿ ಬಣ್ಣದ ನೈಸ್ ಬಂಡೆಯಲ್ಲಿ ಅಲ್ಲಲ್ಲಿ ಕಡು ಹಸಿರು ಕಲೆಗಳಿವೆ, ಎಣ್ಣೆ ಚೆಲ್ಲಿ ಒರೆಸದೆ ಬಿಟ್ಟ ಹಾಗೆ. ಆ ಕಲೆಗಳು ಚಾರ್ನೊಕೈಟ್. ಕೋಲ್ಕತ್ತಾದಲ್ಲಿ ಜಾಬ್ ಚಾರ್ನಾಕ್ ಅನ್ನುವವನ ಸಮಾಧಿ ಕಲ್ಲು ಈ ಜಾತಿಯದು ಅಂತ ಈ ಹೆಸರು. ಒಂದು ಬಂಡೆ ಇನ್ನೊಂದು ಬಂಡೆಯಾಗಿ ಬದಲಾಗುತ್ತಿರೋದನ್ನು ಅರ್ಧದಲ್ಲೇ ಹಿಡಿದು ತೋರಿಸೋ ಜಾಗ ಇದು ಅಂತ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಆಮೇಲೆ ನಮ್ಮ ಮೈಸೂರಿನ ಎ.ಎಸ್. ಜನಾರ್ದನ್, ಅಮೆರಿಕದ ನ್ಯೂಟನ್, ಹ್ಯಾನ್ಸೆನ್ ಸೇರಿ 1982ರಲ್ಲಿ ಇನ್ನೂ ಮುಂದೆ ಹೋದರು. ಆಳದಿಂದ ಬಂದ ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ಬಂಡೆಯಲ್ಲಿನ ನೀರನ್ನು ಓಡಿಸಿ ಹೊಸ ಖನಿಜ ಹುಟ್ಟಿಸಿತು ಅನ್ನೋದು ಅವರ ವಾದ. ಮೇಷ್ಟ್ರು ಇದನ್ನು ಹೇಳುವಾಗ ಧ್ವನಿ ತಗ್ಗಿಸುತ್ತಿದ್ದರು, ಪಕ್ಕದ ಮನೆಯ ವಿಷಯ ಹೇಳುವಾಗಿನ ಹಾಗೆ.

ಅಲ್ಲೇ ನಾನು ಎಡವಟ್ಟು ಮಾಡಿದ್ದು. ಎರಡು ಬಟ್ಟೆ ಚೀಲಗಳ ಚೀಟಿ ಅದಲು ಬದಲು. ಹಸಿರು ಕಲೆಯ ತುಂಡು ಒಂದು ಕಡೆಯದು, ಬೂದಿ ತುಂಡು ಇನ್ನೊಂದು ಕಡೆಯದು, ಚೀಟಿ ಹೇಳೋದು ತಿರುಗಾಮುರುಗಾ. ಲ್ಯಾಬಿಗೆ ಬಂದ ಮೇಲೆ ಗೊತ್ತಾಯಿತು. "ನೆನಪಿದೆ ಸಾರ್, ಬದಲಾಯಿಸಿಬಿಡ್ತೀನಿ" ಅಂದೆ. ಎರಡೂ ಚೀಲ ಎತ್ತಿಕೊಂಡು ಹೋಗಿ ಹೊರಗೆ ಮರದ ಬುಡಕ್ಕೆ ಸುರಿದುಬಿಟ್ಟರು. ಮುಂದಿನ ಶನಿವಾರ ನಾನು, ನನ್ನ ಗೆಳತಿ ಇಬ್ಬರೇ ಮೂರು ಬಸ್ ಬದಲಿಸಿ, ಸ್ವಂತ ಖರ್ಚಿನಲ್ಲಿ, ಅದೇ ಬಂಡೆಗೆ ಹೋಗಿ ಮತ್ತೆ ತಂದೆವು. ದಾರಿ ತುಂಬ ಅವರಿಗೆ ಶಾಪ ಹಾಕಿದೆವು. ಅಂಥ ಶಾಪ ಹಾಕಿದವರು ನಾವಿಬ್ಬರೇ ಅಲ್ಲ. ಒಂದು ವಿಶ್ಲೇಷಣೆಯ ಲೆಕ್ಕ ಮಾತ್ರ ಕೂಡಿ ಬರಲಿಲ್ಲ ಅಂತ ಒಬ್ಬರ ಪಿಎಚ್‌ಡಿಯನ್ನು ಒಂದು ವರ್ಷ ತಡೆದಿದ್ದರು. ಅದು ಅತಿಯಾಯಿತು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಆ ಮನುಷ್ಯನಿಗೆ ಆಗ ಮದುವೆಯಾಗಿ ಮಗು ಇತ್ತು.

ಅಂಗಡಿಗೆ ಬಂದು ಬೈದ ಮೇಲೆ ನಮ್ಮ ಪರಿಚಯ ಮತ್ತೆ ಚಿಗುರಿತು. ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು, ಕಾಫಿ ಕುಡಿಯದೆ ತುಂಡು ಕಲ್ಲು ಹೆಕ್ಕಿಕೊಂಡು ಹೋಗುತ್ತಿದ್ದರು. ಒಂದು ಸಲ ಬಂದಾಗ ಹುಡುಗರು ಕೆಂಪು ಗ್ರಾನೈಟನ್ನು ನೀರು ಹಾಕದೆ ಕೈ ಮಷಿನಿನಲ್ಲಿ ಅಂಚು ಹೊಡೆಯುತ್ತಿದ್ದರು. ನೀರಿನ ಪೈಪ್ ಒಡೆದಿತ್ತು, ಅರ್ಜೆಂಟ್ ಆರ್ಡರ್ ಇತ್ತು. ಮುಖಕ್ಕೆ ಒಂದು ಕರ್ಚೀಫ್. ಮೇಷ್ಟ್ರು ನೇರ ಹೋಗಿ ಸ್ವಿಚ್ ಆರಿಸಿದರು. ಅಂಥ ಕೋಪ ನಾನು ನೋಡಿರಲಿಲ್ಲ, ಮೈ ನಡುಗುತ್ತಿತ್ತು. "ಈ ಕಲ್ಲಿನಲ್ಲಿ ಬೆಣಚು ಎಷ್ಟಿದೆ?" ಅಂದರು. "ಕಾಲು ಭಾಗ, ಮೂರರಲ್ಲಿ ಒಂದು ಭಾಗ ಇರಬಹುದು." "ಅದು ಈಗ ಎಲ್ಲಿ ಹೋಗ್ತಿದೆ?"

ನಾನು ಉತ್ತರ ಕೊಡಲಿಲ್ಲ. ಸಿಲಿಕೋಸಿಸ್, ಅಂದರೆ ಬೆಣಚಿನ ಧೂಳಿನಿಂದ ಬರೋ ಶ್ವಾಸಕೋಶದ ಕಾಯಿಲೆ, ಆ ಪದ ನನಗೆ ಗೊತ್ತಿತ್ತು, ಎಕನಾಮಿಕ್ ಜಿಯಾಲಜಿ ಪೇಪರಿನಲ್ಲಿ ಎರಡು ಮಾರ್ಕಿನ ಪ್ರಶ್ನೆಯಾಗಿ. ಕಣ್ಣಿಗೆ ಕಾಣೋ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ, ಅಲ್ಲಿ ಗಾಯ ಮಾಡುತ್ತದೆ, ಆ ಗಾಯ ವಾಸಿಯಾಗೋದಿಲ್ಲ. ಕರ್ಚೀಫಿಗೆ ಅದನ್ನು ತಡೆಯೋಕೆ ಆಗೋದಿಲ್ಲ. ಅವತ್ತು ಆ ಆರ್ಡರ್ ತಪ್ಪಿತು. ಪೈಪ್ ಸರಿಯಾಗೋವರೆಗೆ ಮೇಷ್ಟ್ರು ಸ್ಟೂಲ್ ಹಾಕಿಕೊಂಡು ಮಷಿನ್ ಮುಂದೆಯೇ ಕೂತಿದ್ದರು, ನಮ್ಮ ಯಜಮಾನರಿಗೆ ಸಿಟ್ಟು ಬಂದು ಒಳಗೆ ಹೋದರು. ಆ ವಾರವೇ ಸರಿಯಾದ ಮಾಸ್ಕ್ ತರಿಸಿದೆ. ಈಗ ಬರುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬ್ ಅಂದರೆ ಬೆಣಚಿನ ಪುಡಿಗೆ ಪ್ಲಾಸ್ಟಿಕ್ಕಿನಂಥ ಅಂಟು ಬೆರೆಸಿ ಮಾಡಿದ್ದು, ಅದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಸಿಲಿಕಾ, ಅಂದರೆ ಬೆಣಚಿನದೇ ವಸ್ತು, ಇರೋದುಂಟು, ಆಸ್ಟ್ರೇಲಿಯಾದವರು 2024ರ ಜುಲೈಯಿಂದ ಅದನ್ನೇ ನಿಷೇಧಿಸಿದರು. ಆ ಸುದ್ದಿ ಬಂದ ದಿನ ಅವರು ಫೋನ್ ಮಾಡಿ "ಓದಿದೆಯಾ?" ಅಂತ ಕೇಳಿ ಇಟ್ಟುಬಿಟ್ಟರು. ನಾವು ಆ ಮಾಲು ಇಡೋದಿಲ್ಲ. ಗಿರಾಕಿಗಳು ಹೋಗುತ್ತಾರೆ, ಹೋಗಲಿ.

ಲಿಥಿಯಂ ಕಥೆಯೊಂದು ಹೇಳಲೇಬೇಕು. 2020ರ ಶುರುವಿನಲ್ಲಿ ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಕಡೆ 14,100 ಟನ್ ಲಿಥಿಯಂ ಇದೆ ಅಂತ ಪೇಪರಿನಲ್ಲಿ ಬಂತಲ್ಲ, ನಮ್ಮ ಕಡೆಯ ನೆಂಟರೆಲ್ಲ ಒಂದು ವಾರ ಹುಚ್ಚರಾಗಿದ್ದರು. ಆ ಊರುಗಳಿಗೂ ನಮ್ಮ ಊರಿಗೂ ಸಂಬಂಧವೇ ಇಲ್ಲ. ಆದರೂ ನಮ್ಮ ಚಿಕ್ಕಪ್ಪ ಹೊಲದಿಂದ ಒಂದು ಚೀಲ ಬಿಳಿ ಕಲ್ಲು ಹೊತ್ತುಕೊಂಡು ಬಸ್ಸಿನಲ್ಲಿ ಬಂದುಬಿಟ್ಟ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಎಲ್ಲ ನಮ್ಮ ಹೊಲದಿಂದಲೇ ಅಂತ ಅವನ ಲೆಕ್ಕ. ನಾನು ಅವನನ್ನು ಮೇಷ್ಟ್ರ ಮನೆಗೆ ಕರೆದುಕೊಂಡು ಹೋದೆ.

ಮೇಷ್ಟ್ರು ಚಿಕ್ಕಪ್ಪನ ಕಲ್ಲು ಒಂದು ಕೈಗೆ ಕೊಟ್ಟರು, ತಮ್ಮ ಡಬ್ಬಿಯಿಂದ ಸುಮಾರು ಅಷ್ಟೇ ಗಾತ್ರದ ತಿಳಿ ಹಸಿರು ಕಲ್ಲು ಇನ್ನೊಂದು ಕೈಗೆ. "ಯಾವುದು ಭಾರ ಯಜಮಾನ್ರೇ?" ಚಿಕ್ಕಪ್ಪ ಎರಡೂ ಕೈ ತೂಗಿಸಿ ನೋಡಿ ಹಸಿರಿನದು ಅಂದ. ತರಕಾರಿ ತೂಗಿ ಅಭ್ಯಾಸ ಇರೋ ಕೈ. "ಅದು ಸ್ಪೋಡುಮಿನ್, ಲಿಥಿಯಂ ಅದರಲ್ಲಿ ಇರೋದು. ನಿಮ್ಮದು ಬೆಣಚು." ಲಿಥಿಯಂ ಲೋಹಗಳಲ್ಲೆಲ್ಲ ಹಗುರ, ಅದು ಇರೋ ಈ ಕಲ್ಲು ಮಾತ್ರ ಬೆಣಚಿಗಿಂತ ಭಾರ, ಒಳಗೆ ಎಲ್ಲ ಒತ್ತೊತ್ತಾಗಿ ಕೂತಿದೆ. ಆಮೇಲೆ ಅಡುಗೆಮನೆಗೆ ಹೋಗಿ ಸ್ಪಿರಿಟ್ ದೀಪ ಹಚ್ಚಿ, ಆ ಹಸಿರು ಕಲ್ಲಿನ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಊದುಕೊಳವೆಯಿಂದ ಊದಿದರು. ಮೊದಲು ಬರೀ ಹಳದಿ. ಅದು ಸೋಡಿಯಂ, ಎಲ್ಲ ಕಡೆಯೂ ಇರೋದೇ. ಊದುತ್ತಲೇ ಇದ್ದರು, ಆ ವಯಸ್ಸಿನಲ್ಲಿ ಕೆನ್ನೆ ಉಬ್ಬಿಸಿಕೊಂಡು. ಚೂರು ಉಬ್ಬಿಕೊಂಡಿತು, ಅಂಚಿನಲ್ಲಿ ಒಂದು ಕ್ಷಣ ಕುಂಕುಮದ ಬಣ್ಣ ಬಂದು ಹೋಯಿತು. ಚಿಕ್ಕಪ್ಪ ಕೈ ಮುಗಿದ. ಅವರ ಮನೆಯವರು ಒಳಗಿನಿಂದ "ಗ್ಯಾಸ್ ಪಕ್ಕ ಬೇಡ ಅಂತ ಎಷ್ಟು ಸಲ ಹೇಳೋದು" ಅಂದರು.

ಆ 14,100 ಟನ್ ಬಗ್ಗೆ ಕೇಳಿದೆ. "ಕೊರೆದು ನೋಡದೆ ಟನ್ ಹೇಳಬಾರದು" ಅಂದರು. ಮುಂದಿನ ವರ್ಷ ಸರ್ಕಾರ ಸಂಸತ್ತಿನಲ್ಲಿ ಹೇಳಿದ ಅಂಕಿ 1,600 ಟನ್. ಚಿಕ್ಕಪ್ಪ ಹೊಲ ಮಾರಲಿಲ್ಲ, ಕೊಳ್ಳೋಕೂ ಯಾರೂ ಬರಲಿಲ್ಲ. ಕಬ್ಬು ಹಾಕಿದ್ದಾನೆ.

ಮೇಷ್ಟ್ರಿಗೆ ಕೊನೆಯ ಎರಡು ವರ್ಷ ಕಣ್ಣು ಮಂಜಾಗಿತ್ತು. ಲೆನ್ಸ್ ಕುತ್ತಿಗೆಯಲ್ಲಿ ದಾರಕ್ಕೆ ನೇತಾಡುತ್ತಿತ್ತು, ಕೆಲಸಕ್ಕೆ ಬರುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಅಂಗಡಿಯಿಂದ ಒಂದೆರಡು ತುಂಡು ಒಯ್ಯುತ್ತಿದ್ದೆ, ಜನ ಹಣ್ಣು ಒಯ್ಯುವ ಹಾಗೆ. ಕೈಯಲ್ಲಿ ತೂಗಿ, ಒಡೆದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಹೇಳುತ್ತಿದ್ದರು. ಬಹುತೇಕ ಸರಿ. ಒಮ್ಮೆ ಬೇಕೆಂದೇ, ಪಕ್ಕದ ಅಂಗಡಿಯಿಂದ ಕೃತಕ ಕ್ವಾರ್ಟ್ಜಿನ ತುಂಡು ತಂದು ಕೊಟ್ಟೆ. ತುಂಬ ಹೊತ್ತು ಹಿಡಿದುಕೊಂಡಿದ್ದರು. ಒಂದು ಹೆಸರು ಹೇಳಿದರು, ವಾಪಸ್ ತಗೊಂಡರು, ಇನ್ನೊಂದು ಹೇಳಿದರು. ಆಮೇಲೆ ಅರ ತರಿಸಿ ಉಜ್ಜಿ ಮೂಗಿಗೆ ಹಿಡಿದರು. "ಥೂ, ಪ್ಲಾಸ್ಟಿಕ್ ವಾಸನೆ" ಅಂತ ಎಸೆದರು. ನನಗೆ ನಾಚಿಕೆಯಾಯಿತು. ಹಾಗೆ ಮಾಡಬಾರದಿತ್ತು.

ಅವರ ಬೂದಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟರು, ಶ್ರೀರಂಗಪಟ್ಟಣದ ಹತ್ತಿರ. ಮಗ, ಪುರೋಹಿತರು ನೀರಿನಲ್ಲಿ ಇಳಿದಿದ್ದರು. ನಾವು ಹಳೆಯ ವಿದ್ಯಾರ್ಥಿಗಳು ಏಳೆಂಟು ಜನ ದಡದ ಬಂಡೆ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದೆವು. ಎಲ್ಲರಿಗೂ ಐವತ್ತು ದಾಟಿದೆ. ಮಂತ್ರ ನಡೆಯುತ್ತಿತ್ತು. ಯಾರು ಮೊದಲು ಬಗ್ಗಿದರೋ ಗೊತ್ತಿಲ್ಲ. ನಿಂತಿದ್ದ ನೈಸ್ ಬಂಡೆಯಲ್ಲಿ ಪಟ್ಟೆಗಳನ್ನು ಕತ್ತರಿಸಿಕೊಂಡು ಒಂದು ನಸುಗೆಂಪು ಎಳೆ ಹೋಗಿತ್ತು. ಒಬ್ಬ ಅದು ಪೆಗ್ಮಟೈಟ್, ದಪ್ಪ ಕಣದ್ದು ಅಂದ. ಇನ್ನೊಬ್ಬ ಸಣ್ಣ ಕಣದ ಫೆಲ್ಸೈಟ್ ಇರಬಹುದು, ಶ್ರೀರಂಗಪಟ್ಟಣದ ಸುತ್ತ ಫೆಲ್ಸೈಟ್ ಡೈಕುಗಳಿವೆ ಅಂದ. ಕಣ ಇಷ್ಟು ದಪ್ಪ ಇದ್ದರೆ ಅದು ಫೆಲ್ಸೈಟ್ ಹೇಗಾಗುತ್ತೆ ಅಂತ ನನ್ನ ಗೆಳತಿ. ಪಿಎಚ್‌ಡಿ ಒಂದು ವರ್ಷ ತಡವಾದ ಆ ಮನುಷ್ಯ ಜೇಬಿನಿಂದ ಲೆನ್ಸ್ ತೆಗೆದರು. ಧ್ವನಿ ಏರಿತು. ಪುರೋಹಿತರು ಮಂತ್ರ ನಿಲ್ಲಿಸಿ ನಮ್ಮ ಕಡೆ ತಿರುಗಿ ನೋಡಿದರು. ಮಗ ಮಾತ್ರ, ಒದ್ದೆ ಪಂಚೆಯಲ್ಲಿ ನಿಂತುಕೊಂಡೇ, "ನೆಕ್ಕಿ ನೋಡಿ" ಅಂದ.

ಮೊನ್ನೆ ಅವರ ಮನೆಯವರು ಫೋನ್ ಮಾಡಿದ್ದರು. ಮಹಡಿಯ ಕೋಣೆಯಲ್ಲಿ ಕಲ್ಲಿನ ಟ್ರೇಗಳಿವೆ, ಮಗ ಇರೋದು ದೂರದ ಊರಲ್ಲಿ, ಮನೆ ಚಿಕ್ಕದು ಮಾಡಬೇಕು. ಅಂಗಡಿಯ ಗಾಡಿ ಕಳಿಸಿ ತರಿಸಿದೆ, 31 ಟ್ರೇ. ಹಮಾಲಿಗಳು ಇದಕ್ಕೆ ಬಾಡಿಗೆ ಬೇಡ ಅಂದರು, ಮಾಸ್ಕ್ ಮೇಷ್ಟ್ರ ಕಲ್ಲು ಅಂತೆ. ಎಲ್ಲ ನಮ್ಮ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಪ್ರತಿ ಕಲ್ಲಿಗೂ ಬಿಳಿ ಬಣ್ಣದ ಚುಕ್ಕೆ, ಅದರ ಮೇಲೆ ಇಂಡಿಯನ್ ಇಂಕಿನಲ್ಲಿ ನಂಬರು. ಫೀಲ್ಡ್ ನೋಟ್‌ಬುಕ್‌ಗಳೂ ಬಂದಿವೆ, ನಂಬರಿನ ಎದುರು ಊರು, ಹೊಲ, ಮರ, ಬಾವಿಯಿಂದ ಎಷ್ಟು ಹೆಜ್ಜೆ ಅಂತ ಇದೆ. 28 ಟ್ರೇಗಳಿಗೆ ಪಟ್ಟಿ ಸರಿಹೊಂದಿತು. ಮೂರು ಟ್ರೇಗಳು ಕಣ್ಣು ಹೋದ ಮೇಲಿನವು. ನಂಬರ್ ವಕ್ರವಾಗಿದೆ, ಕೆಲವು ಒಂದರ ಮೇಲೊಂದು ಬಿದ್ದಿವೆ, ನೋಟ್‌ಬುಕ್ಕಿನಲ್ಲಿ ಏನೂ ಇಲ್ಲ. ಅದರಲ್ಲಿ ನಾನು ಕೊಟ್ಟ ತುಂಡುಗಳೂ ಇರಬೇಕು.

ಭಾನುವಾರ ಅಂಗಡಿ ರಜೆ. ಹತ್ತು ಗಂಟೆಗೆ ಶಟರ್ ಅರ್ಧ ಎತ್ತಿರುತ್ತೇನೆ, ಹಳೆಯವರು ಯಾರು ಬೇಕಾದರೂ ಬನ್ನಿ. ಲೆನ್ಸ್, ಚಾಕು, ಒಂದು ಗಾಜಿನ ಚೂರು ತನ್ನಿ. ತಿಂಡಿ ನಮ್ಮದು. ಬಂದ ತಕ್ಷಣ ಹೆಸರು ಹೇಳಿದವರನ್ನು ಆಚೆ ಕಳಿಸಲಾಗುತ್ತದೆ.